ಪಿಸ್ಟನ್ ಕೈಗೆ ಬರುವ ಮೊದಲು ಬ್ಲಾಕನ್ನು ಬೋರಿಂಗ್‌ಗೆ ಕೊಡಬೇಡಿ

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆಯ ಮಾರುತಿ ಜಿಪ್ಸಿಯೊಂದು ಪಿಕಪ್ ಮೇಲೆ ಕೂತುಕೊಂಡು ಶಿವಮೊಗ್ಗದ ನನ್ನ ಶೆಡ್ಡಿಗೆ ಬಂತು. ಅಡಿಕೆ ತೋಟದ ಹುಡುಗನ ಗಾಡಿ. ಹಳ್ಳದಲ್ಲಿ ನೀರು ಮೊಣಕಾಲುದ್ದ ಇರಬಹುದು ಅಂದುಕೊಂಡು ಇಳಿಸಿದ್ದಾನೆ. ನಡುವೆ ಹೋದಾಗ ಇಂಜಿನ್ ಗಾಳಿ ಬದಲು ನೀರು ಕುಡಿದಿದೆ. ಟಕ್ ಅಂತ ಒಂದು ಸದ್ದು, ಆಮೇಲೆ ಬರೀ ಮಳೆ ಸದ್ದು. ಗಾಳಿಯನ್ನು ಒತ್ತಿದರೆ ಕುಗ್ಗುತ್ತೆ, ನೀರು ಕುಗ್ಗಲ್ಲ ಅಲ್ವಾ. ಮೇಲೆ ಬರುತ್ತಿದ್ದ ಪಿಸ್ಟನ್‌ಗೆ ಜಾಗ ಸಿಗದೆ ಅದನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಹೆಡ್ ಬಿಚ್ಚಿ ನಾಲ್ಕೂ ಪಿಸ್ಟನ್‌ಗಳನ್ನು ಒಂದೊಂದಾಗಿ ಪೂರ್ತಿ ಮೇಲೆ ತಂದು ಡೆಪ್ತ್ ಗೇಜ್ ಇಟ್ಟು ನೋಡಿದೆ. ಮೂರು ಒಂದೇ ಮಟ್ಟದಲ್ಲಿದ್ದವು. ಮೂರನೇ ಸಿಲಿಂಡರಿನದು ಮಾತ್ರ ಒಂದೂವರೆ ಮಿ.ಮೀ. ಕೆಳಗೆ. ಬಗ್ಗಿದ ರಾಡ್ ಹಿಡಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

"ಅಣ್ಣ, ಹೇಗೂ ಬಿಚ್ಚಾಯ್ತು. ಮುಂದಿನ ವರ್ಷ ಆಟೋಕ್ರಾಸ್‌ಗೆ ಇಳಿಸ್ತೀನಿ. ಗಟ್ಟಿ ರಾಡ್, ಫೋರ್ಜ್ಡ್ ಪಿಸ್ಟನ್ ಹಾಕಿಬಿಡೋಣ" ಅಂದ. ಫೋರ್ಜ್ಡ್ ಅಂದರೆ ಎರಕ ಹೊಯ್ಯದೆ, ಲೋಹವನ್ನು ಒತ್ತಿ ಬಡಿದು ಮಾಡಿದ್ದು.

ಮೊದಲೇ ಹೇಳಿಬಿಡುತ್ತೇನೆ. ತೋಟಕ್ಕೆ ಹೋಗಿ ಬರುವ ಗಾಡಿಗೆ ಇದೆಲ್ಲ ಬೇಡ. ಕಂಪನಿ ರಾಡ್, ಕಂಪನಿ ಪಿಸ್ಟನ್ ತಂದು ಹಾಕಿದರೆ ಕೂತಲ್ಲೇ ಕೂರುತ್ತೆ, ಖರ್ಚೂ ಕಡಿಮೆ. ಜಾಸ್ತಿ ಆರ್‌ಪಿಎಂ ಓಡಿಸಬೇಕು, ಇಲ್ಲವೇ ಟರ್ಬೊ ಹಾಕಬೇಕು ಅನ್ನುವವರಿಗೆ ಮಾತ್ರ ಹೊರಗೆ ಮಾಡಿಸಿದ ಗಟ್ಟಿ ರಾಡ್ ಬೇಕು. ಲೆಕ್ಕ ನೋಡಿ. ರಾಡ್ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗದ ಹಾಗೆ ಏರುತ್ತೆ. 6000ದಿಂದ 7500ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ಎಳೆತ ಅರ್ಧಕ್ಕಿಂತ ಜಾಸ್ತಿ. ಅದೂ ಅತಿ ಕೆಟ್ಟ ಎಳೆತ ಬೀಳುವುದು ಪೆಟ್ರೋಲ್ ಉರಿಯುವಾಗ ಅಲ್ಲ. ಹೊಗೆ ಹೊರಗೆ ತಳ್ಳಿ ಪಿಸ್ಟನ್ ಮೇಲಿನ ತುದಿಗೆ ಬಂದಾಗ. ಆಗ ಅದನ್ನು ಕೆಳಗೆ ಒತ್ತಲು ಗ್ಯಾಸ್ ಇಲ್ಲ. ಓಡುತ್ತಿರುವ ಪಿಸ್ಟನ್ನನ್ನು ನಿಲ್ಲಿಸಿ ವಾಪಸ್ ಎಳೆಯುವ ಕೆಲಸ ಪೂರ್ತಿ ರಾಡಿನ ಎರಡು ಬೋಲ್ಟ್ ಮೇಲೆ ಬೀಳುತ್ತೆ. ಅದಕ್ಕೇ ನಾನು ರಾಡ್‌ಗಿಂತ ಅದರ ಬೋಲ್ಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು.

ಈ ಬರಹದ ಶೀರ್ಷಿಕೆಯ ಹಿಂದೆ ಒಂದು ಕಥೆ ಇದೆ. ನಾನು ಹೊಸದಾಗಿ ಇಂಜಿನ್ ಕೆಲಸ ಶುರು ಮಾಡಿದ ಕಾಲ. ಹೊರಗಿನ (ಗಾಡಿ ಕಂಪನಿಯದಲ್ಲದ) ಪಿಸ್ಟನ್ ಆರ್ಡರ್ ಮಾಡಿದ್ದೆ, ಬರೋದು ತಡ ಆಗಿತ್ತು. ಗಿರಾಕಿಗೆ ಅವಸರ. 0.50 ಓವರ್‌ಸೈಜ್ (ಅರ್ಧ ಮಿ.ಮೀ. ದೊಡ್ಡ ಪಿಸ್ಟನ್) ತಾನೇ ಅಂತ ಬ್ಲಾಕ್ ಒಯ್ದು, ಸಿಲಿಂಡರಿನ ತೂತು ಅಂದರೆ ಬೋರ್ ದೊಡ್ಡದು ಮಾಡುವ ಬೋರಿಂಗ್ ಕೆಲಸಕ್ಕೆ ಲೇತ್ ಅಂಗಡಿಗೆ ಕೊಟ್ಟು, "ಕಂಪನಿ ಪಿಸ್ಟನ್‌ಗೆ ಬಿಡೋ ಸಡಿಲ ಬಿಡಿ" ಅಂದೆ. ಅವರು ಹೇಳಿದ ಹಾಗೇ ಮಾಡಿಕೊಟ್ಟರು. ಪಿಸ್ಟನ್ ಬಂತು, ಹಾಕಿದೆ, ಓಡಿತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳನೇ ತಿರುವಿನಲ್ಲಿ ಇಂಜಿನ್ ಯಾರೋ ಹಿಡಿದುಕೊಂಡ ಹಾಗೆ ನಿಂತಿತು. ಬಿಚ್ಚಿದಾಗ ಪಿಸ್ಟನ್ನಿನ ಕೆಳಭಾಗದ ಗೋಡೆ, ಅಂದರೆ ಸ್ಕರ್ಟ್, ಎರಡೂ ಕಡೆ ಉಜ್ಜಿ ಅಲ್ಯೂಮಿನಿಯಂ ಬೋರಿಗೆ ಅಂಟಿತ್ತು. ಆ ಪಿಸ್ಟನ್ ಫೋರ್ಜ್ಡ್. ಬಿಸಿಗೆ ಕಂಪನಿಯ ಎರಕದ ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗುವ ಜಾತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಪಿಸ್ಟನ್ನಿಗೂ ಬೋರಿಗೂ ನಡುವೆ ಎಷ್ಟು ಸಡಿಲ ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಚೀಟಿ ಓದುವ ಹೊತ್ತಿಗೆ ಬೋರಿಂಗ್ ಮುಗಿದಿತ್ತು. ಲೇತ್ ಅಂಗಡಿಯವರ ತಪ್ಪು ಏನೂ ಇಲ್ಲ, ತಪ್ಪೆಲ್ಲ ನನ್ನದೇ. ಬ್ಲಾಕಿನ ದುಡ್ಡು ನಾನೇ ಕಟ್ಟಿದೆ.

ಸಾಮಾನು ಬಂದಾಗ

ಆರ್ಡರ್ ಮಾಡುವಾಗಲೇ ರಾಡ್ ಮತ್ತು ಪಿಸ್ಟನ್ ಎರಡರ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ದಪ್ಪ, ರಾಡಿನ ಸಣ್ಣ ತುದಿಯ (ಪಿಸ್ಟನ್ ಕಡೆಯದು) ಅಗಲ, ದೊಡ್ಡ ತುದಿಯ (ಕ್ರ್ಯಾಂಕ್ ಕಡೆಯದು) ತೂತಿನ ಅಳತೆ, ಅದರ ಅಗಲ, ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಉದ್ದ. ಇಷ್ಟೂ ನಿಮ್ಮ ಹಳೇ ರಾಡಿನ ಅಳತೆ ಜೊತೆ ಕೂಡಬೇಕು. ಕೂಡದಿದ್ದರೆ ಯಾಕೆ ಅಂತ ಗೊತ್ತಿರಬೇಕು.

ಜನ ಎಡವುವ ಜಾಗ ಒಂದಿದೆ. ಎಷ್ಟೋ ಕಂಪನಿ ಇಂಜಿನ್‌ಗಳಲ್ಲಿ ಪಿನ್ ರಾಡಿಗೆ ಬಿಗಿಯಾಗಿ ಪ್ರೆಸ್ ಆಗಿ ಕೂತಿರುತ್ತೆ. ಪಕ್ಕಕ್ಕೆ ಸರಿಯುವ ಪ್ರಶ್ನೆ ಇಲ್ಲ, ಹಾಗಾಗಿ ಪಿಸ್ಟನ್ನಿನಲ್ಲಿ ಪಿನ್ನನ್ನು ತಡೆಯುವ ಲಾಕ್ (ಸಣ್ಣ ಬಳೆ) ಕೂರಿಸುವ ತೋಡೂ ಇರಲ್ಲ. ಮಾಡಿಸಿದ ರಾಡಿನಲ್ಲಿ ಮಾತ್ರ ಸಾಮಾನ್ಯವಾಗಿ ಕಂಚಿನ ಬುಷ್ ಇರುತ್ತೆ. ಪಿನ್ ಅದರಲ್ಲಿ ಸಡಿಲವಾಗಿ ತಿರುಗುತ್ತೆ. ಲಾಕ್ ಇಲ್ಲದ ಪಿಸ್ಟನ್ನಿಗೆ ಆ ರಾಡ್ ಹಾಕಿದರೆ ಪಿನ್ ನಿಧಾನಕ್ಕೆ ಪಕ್ಕಕ್ಕೆ ಬಂದು ಬೋರನ್ನು ಉದ್ದಕ್ಕೆ ಉಳುತ್ತೆ. ಆದ್ದರಿಂದ ಬುಷ್ ಇರುವ ರಾಡ್ ತಗೊಂಡರೆ ಲಾಕಿನ ತೋಡು ಇರುವ ಪಿಸ್ಟನ್ನನ್ನೇ ತಗೊಳ್ಳಿ.

ರಾಡಿನ ಡಬ್ಬಿ ಮೇಲೆ 4340 ಸ್ಟೀಲ್ ಅಂತ ಇರುತ್ತೆ. ಹೆದರಬೇಡಿ, ನಮ್ಮ ಕಡೆ ಲೇತಿನವರು ಇಎನ್ 24 ಅಂತಾರಲ್ಲ, ಹೆಚ್ಚು ಕಡಿಮೆ ಅದೇ. ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಉಕ್ಕು. ನಮ್ಮಪ್ಪ ಭದ್ರಾವತಿ ಕಾರ್ಖಾನೆಯಲ್ಲಿ ಇದ್ದವರು. ಊಟಕ್ಕೆ ಕೂತಾಗಲೂ ಇಎನ್ 8, ಇಎನ್ 19 ಅಂತ ಮಾತಾಡೋರು. ಅವರು ಹೇಳುತ್ತಿದ್ದ ಒಂದು ಮಾತು ಈಗಲೂ ಕೆಲಸಕ್ಕೆ ಬರುತ್ತೆ: ಉಕ್ಕಿನ ಹೆಸರು ಕೇಳಿ ಬರಬೇಡ, ಹೇಗೆ ಕಾಯಿಸಿದಾರೆ ಅಂತ ಕೇಳು. ಒಂದೇ ಉಕ್ಕು, ಹೀಟ್ ಟ್ರೀಟ್‌ಮೆಂಟ್ ಸರಿ ಇದ್ದರೆ ರಾಡ್, ಇಲ್ಲದಿದ್ದರೆ ಸಲಾಕೆ. ನಮ್ಮ ಶೆಡ್ಡಿನಲ್ಲಿ ಕೂತು ಇದನ್ನು ಪರೀಕ್ಷೆ ಮಾಡೋಕೆ ಆಗಲ್ಲ. ಹಾಗಾಗಿ ಯಾರು ಮಾಡಿದ್ದು ಅಂತ ಹೇಳದ, ಬರೀ ಹೊಳೆಯುವ ಅಗ್ಗದ ರಾಡ್‌ಗಳನ್ನು ನಾನು ಮುಟ್ಟಲ್ಲ.

ಪಿಸ್ಟನ್ನಿನಲ್ಲೂ ಎರಡು ಜಾತಿ ಕೇಳುತ್ತೀರಿ: 4032 ಮತ್ತು 2618. ಎರಡೂ ಫೋರ್ಜ್ಡ್ ಅಲ್ಯೂಮಿನಿಯಂ. 4032ರಲ್ಲಿ ಸಿಲಿಕಾನ್ ಜಾಸ್ತಿ, ಹಿಗ್ಗೋದು ಕಡಿಮೆ, ರಸ್ತೆ ಗಾಡಿಗೆ ಹೊಂದುತ್ತೆ. 2618 ಹೆಚ್ಚು ಏಟು ತಡೆಯುತ್ತೆ. ಆದರೆ ಜಾಸ್ತಿ ಹಿಗ್ಗುತ್ತೆ, ಸಡಿಲ ಜಾಸ್ತಿ ಬೇಕು, ತಣ್ಣಗಿದ್ದಾಗ ಟಕಟಕ ಅನ್ನುತ್ತೆ. ಹುಡುಗನಿಗೆ 4032 ಸಾಕು ಅಂದೆ. ಅವನು 2618ನ್ನೇ ತರಿಸಿದ. ಆಯ್ತಪ್ಪ, ನಿನ್ನ ದುಡ್ಡು.

ತೂಕ

ನನ್ನ ಹತ್ತಿರ ಒಳ್ಳೆ ತಕ್ಕಡಿ ಇಲ್ಲ. ಗಾಂಧಿ ಬಜಾರಿನ ಅಕ್ಕಸಾಲಿ ಒಬ್ಬರ ಅಂಗಡಿಗೆ ಹೋಗುತ್ತೇನೆ. ಚಿನ್ನ ತೂಗುವ ತಟ್ಟೆಯಲ್ಲಿ ಪಿಸ್ಟನ್ ಇಟ್ಟಾಗ ಅಲ್ಲಿ ಕೂತ ಹೆಂಗಸರು ಒಂದು ಥರ ನೋಡುತ್ತಾರೆ. ನಾಲ್ಕು ಪಿಸ್ಟನ್, ನಾಲ್ಕು ಪಿನ್, ನಾಲ್ಕು ರಾಡ್, ಎಲ್ಲ ಬೇರೆ ಬೇರೆ ತೂಗಿ ಬರೆದುಕೊಳ್ಳಿ. ಈ ಸೆಟ್ಟಿನಲ್ಲಿ ಮೂರು ಪಿಸ್ಟನ್ ಒಂದು ಗ್ರಾಂ ಒಳಗೆ ಹೊಂದಿದವು, ನಾಲ್ಕನೆಯದು ಮೂರು ಗ್ರಾಂ ಜಾಸ್ತಿ. ತಕ್ಷಣ ಅರ ತಗೊಂಡು ಉಜ್ಜೋಕೆ ಹೋಗಬೇಡಿ. ಪಿನ್‌ಗಳಲ್ಲೂ ವ್ಯತ್ಯಾಸ ಇರುತ್ತೆ. ಭಾರದ ಪಿಸ್ಟನ್‌ಗೆ ಹಗುರದ ಪಿನ್ ಜೋಡಿಸಿ. ನನಗೆ ಹಾಗೆ ಮಾಡಿಯೇ ವ್ಯತ್ಯಾಸ ಒಂದು ಗ್ರಾಂಗೆ ಇಳಿಯಿತು.

ರಾಡಿನ ಒಟ್ಟು ತೂಕ ಒಂದೇ ಇದ್ದರೆ ಸಾಲದು. ದೊಡ್ಡ ತುದಿ ಸುತ್ತುತ್ತೆ, ಸಣ್ಣ ತುದಿ ಮೇಲೆ ಕೆಳಗೆ ಓಡುತ್ತೆ. ಅದಕ್ಕೆ ಒಂದು ತುದಿಯನ್ನು ದಾರದಲ್ಲಿ ಮಟ್ಟವಾಗಿ ನೇತುಹಾಕಿ, ಇನ್ನೊಂದನ್ನು ತಕ್ಕಡಿ ಮೇಲಿಟ್ಟು ತುದಿ ತುದಿ ತೂಗಬೇಕು. ಒಳ್ಳೆಯವರು ಮಾಡಿದ ಸೆಟ್ಟಿನಲ್ಲಿ ಇದು ಹೊಂದಿಯೇ ಬರುತ್ತೆ. ನಾಲ್ಕು ಸಿಲಿಂಡರ್ ಸಾಲು ಇಂಜಿನ್ನಿನಲ್ಲಿ ಎರಡು ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ನಾಲ್ಕೂ ಸಮ ಇದ್ದರೆ ಅವುಗಳ ಮುಖ್ಯ ಎಳೆದಾಟ ಒಂದಕ್ಕೊಂದು ವಜಾ ಆಗುತ್ತೆ. ಹೊಸ ಸೆಟ್ ಹಳೆಯದಕ್ಕಿಂತ ಹಗುರವೋ ಭಾರವೋ ಅನ್ನೋದಕ್ಕಿಂತ ನಾಲ್ಕೂ ಒಂದೇ ಸಮ ಇವೆಯಾ ಅನ್ನೋದೇ ಮುಖ್ಯ.

ಬೋರಿಂಗ್

ಈಗ ಪಿಸ್ಟನ್ ಕೈಯಲ್ಲಿದೆ. ಪಿಸ್ಟನ್ ಗುಂಡಗಿದೆ ಅಂತ ಕಣ್ಣಿಗೆ ಕಾಣುತ್ತೆ, ಗುಂಡಗಿರಲ್ಲ. ಪಿನ್ ಇರುವ ದಿಕ್ಕಿನಲ್ಲಿ ಸ್ವಲ್ಪ ಚಿಕ್ಕದು, ಅಡ್ಡ ದಿಕ್ಕಿನಲ್ಲಿ ದೊಡ್ಡದು. ತಲೆಯ ಕಡೆ ಕಿರಿದು, ಸ್ಕರ್ಟ್ ಕಡೆ ಅಗಲ. ಹಾಗಾಗಿ ಮೈಕ್ರೋಮೀಟರ್ ಎಲ್ಲಿ ಇಡಬೇಕು ಅಂತ ಚೀಟಿಯಲ್ಲಿ ಹೇಳಿರುತ್ತಾರೆ: ಪಿನ್‌ಗೆ ಅಡ್ಡವಾಗಿ, ಸ್ಕರ್ಟಿನ ಕೆಳ ಅಂಚಿನಿಂದ ಇಷ್ಟು ಮಿ.ಮೀ. ಮೇಲೆ. ಅಲ್ಲೇ ಇಡಿ. ನಾಲ್ಕನ್ನೂ ಅಳೆದು ಪಿಸ್ಟನ್ ತಲೆ ಮೇಲೆ ಮಾರ್ಕರ್‌ನಲ್ಲಿ ಸಿಲಿಂಡರ್ ನಂಬರ್ ಬರೆಯಿರಿ. ಲೇತ್ ಅಂಗಡಿಗೆ ಬ್ಲಾಕ್ ಜೊತೆ ಪಿಸ್ಟನ್, ಚೀಟಿ ಎರಡನ್ನೂ ಕೊಡಿ. ಒಂದೊಂದು ಬೋರನ್ನೂ ಅದರದೇ ಪಿಸ್ಟನ್‌ಗೆ ಹೊಂದಿಸಿ ಹೋನಿಂಗ್ ಮಾಡಲಿ, ಅಂದರೆ ಕಲ್ಲಿನಿಂದ ಉಜ್ಜಿ ಅಳತೆಗೆ ತರಲಿ.

ಎರಕದ ಪಿಸ್ಟನ್‌ಗೆ ಸಾಮಾನ್ಯವಾಗಿ 0.02ರಿಂದ 0.04 ಮಿ.ಮೀ. ಸಡಿಲ. 4032ಕ್ಕೆ 0.04ರಿಂದ 0.06 ಆಸುಪಾಸು. 2618ಕ್ಕೆ ಇನ್ನೂ ಮೇಲೆ, 0.06ರಿಂದ 0.10 ತನಕವೂ ಹೋಗುತ್ತೆ. ಇವು ಅಂದಾಜು ಗೊತ್ತಿರಲಿ ಅಂತ ಹೇಳಿದ್ದು. ನಿಮ್ಮ ಡಬ್ಬಿಯ ಚೀಟಿ ಏನು ಹೇಳುತ್ತೋ ಅದೇ ಕೊನೇ ಮಾತು. ಆವತ್ತು ಆಗುಂಬೆಯಲ್ಲಿ ನನ್ನ ಇಂಜಿನ್ ಹಿಡಿದುಕೊಂಡಿದ್ದು ಈ ಎರಡನೇ ದಶಾಂಶದ ಜಾಗದಲ್ಲಿ.

ಇನ್ನೊಂದು. ಅಳೆಯುವಾಗ ಬ್ಲಾಕ್, ಪಿಸ್ಟನ್ ಎರಡೂ ಒಂದೇ ಬಿಸಿಯಲ್ಲಿ ಇರಬೇಕು. 74 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಬಿಸಿಯಾದರೆ 0.017 ಮಿ.ಮೀ. ಹಿಗ್ಗುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಿಂದ ಪಿಸ್ಟನ್ ತೆಗೆದು, ನೆರಳಲ್ಲಿದ್ದ ಬ್ಲಾಕಿಗೆ ಅಳತೆ ಹಾಕಿದರೆ ಲೆಕ್ಕ ಅಲ್ಲೇ ಕೆಡುತ್ತೆ. ಹಿಂದಿನ ರಾತ್ರಿಯೇ ಎರಡನ್ನೂ ಒಂದೇ ಬೆಂಚಿನ ಮೇಲಿಟ್ಟು ಮಲಗಿ.

ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸ್ವಲ್ಪ ಅಂಕುಡೊಂಕಾಗುತ್ತೆ. ಅದಕ್ಕೆ ಹೆಡ್ಡಿನ ಜಾಗದಲ್ಲಿ ದಪ್ಪ ಉಕ್ಕಿನ ತಟ್ಟೆ ಬಿಗಿದು ಹೋನಿಂಗ್ ಮಾಡುವುದು ಒಳ್ಳೆಯದು. ಟಾರ್ಕ್ ಪ್ಲೇಟ್ ಅಂತಾರೆ. ಎಲ್ಲ ಅಂಗಡಿಯಲ್ಲೂ ಇರಲ್ಲ, ನಾನು ಜಿಪ್ಸಿಗೆ ಒಂದನ್ನು ಮಾಚೇನಹಳ್ಳಿ ಕಡೆ ಹೇಳಿ ಮಾಡಿಸಿಕೊಂಡಿದ್ದೇನೆ.

ಆರ್‌ಸಿ ಬಗ್ಗೆಯೂ ಒಂದು ಮಾತು. ಈ ಇಂಜಿನ್ನಿನ ಬೋರ್ 74, ಸ್ಟ್ರೋಕ್ 75.5, ಒಟ್ಟು 1298 ಸಿಸಿ. ಅರ್ಧ ಮಿ.ಮೀ. ಓವರ್‌ಸೈಜ್‌ಗೆ ಹೋದರೆ 1316 ಆಸುಪಾಸು. ಇದು ಸವೆದ ಇಂಜಿನ್ನಿಗೆ ಎಲ್ಲರೂ ಮಾಡುವ ರಿಪೇರಿ. ಅದನ್ನು ಮೀರಿ ಸಿಸಿ ಏರಿಸುತ್ತಾ ಹೋದರೆ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳೋದು ಅದನ್ನೇ. ಟ್ರ್ಯಾಕಿನ ಗಾಡಿಯನ್ನು ಟ್ರ್ಯಾಕಿಗೆ ಇಟ್ಟುಕೊಳ್ಳಿ.

ಎತ್ತರದ ಲೆಕ್ಕ

ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೆ ಬಡಿಯದಷ್ಟು ಜಾಗ ಉಳಿಯುತ್ತಾ ನೋಡಬೇಕು. ಕಾಗದ ಪೆನ್ಸಿಲ್ ತಗೊಳ್ಳಿ. ರಾಡಿನ ಉದ್ದ, ಸ್ಟ್ರೋಕಿನ ಅರ್ಧ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಗೆ ಇರುವ ಎತ್ತರ. ಮೂರನ್ನೂ ಕೂಡಿ. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈಗೆ ಇರುವ ಎತ್ತರದಿಂದ ಕಳೆಯಿರಿ. ಲೆಕ್ಕಕ್ಕೆ ಅಂತ ಬ್ಲಾಕ್ 189 ಇಟ್ಟುಕೊಳ್ಳಿ, ರಾಡ್ 120, ಅರ್ಧ ಸ್ಟ್ರೋಕ್ 37.75, ಪಿಸ್ಟನ್ 31. ಕೂಡಿದರೆ 188.75. ಪಿಸ್ಟನ್ ಬ್ಲಾಕಿಗಿಂತ ಕಾಲು ಮಿ.ಮೀ. ಕೆಳಗೆ ನಿಲ್ಲುತ್ತೆ. ಒತ್ತಿದ ಗ್ಯಾಸ್ಕೆಟ್ 1 ಮಿ.ಮೀ. ಇದ್ದರೆ ಪಿಸ್ಟನ್ನಿಗೂ ಹೆಡ್ಡಿನ ಸಪಾಟು ಭಾಗಕ್ಕೂ ನಡುವೆ 1.25 ಉಳಿಯುತ್ತೆ. ಅದೇ ಪಿಸ್ಟನ್ 31.5 ಇದ್ದರೆ ಉಳಿಯುವುದು 0.75. ಓಡುವಾಗ ರಾಡ್ ಎಳೆದುಕೊಳ್ಳುತ್ತೆ, ಪಿಸ್ಟನ್ ಓಲಾಡುತ್ತೆ. ಉಕ್ಕಿನ ರಾಡ್ ಇದ್ದರೂ ಹೆಚ್ಚು ಕಡಿಮೆ 1 ಮಿ.ಮೀ.ಗಿಂತ ಕೆಳಗೆ ನಾನು ಹೋಗಲ್ಲ.

ಕಾಗದದ ಲೆಕ್ಕ ಮುಗಿದ ಮೇಲೆ ರಿಂಗ್ ಹಾಕದೆ ಒಂದು ಪಿಸ್ಟನ್ ಜೋಡಿಸಿ ನಿಜವಾಗಿ ಅಳೆಯಿರಿ. ಆಮೇಲೆ ವಾಲ್ವ್. ಹೊರಗಿನ ಪಿಸ್ಟನ್ನಿನ ತಲೆಯಲ್ಲಿ ವಾಲ್ವಿಗೆ ಅಂತ ಕೊರೆದ ಗುಂಡಿ ಸರಿಯಾದ ಜಾಗದಲ್ಲೇ ಇದೆ ಅಂತ ಹೇಗೆ ಗೊತ್ತಾಗಬೇಕು? ದುರ್ಗಿಗುಡಿಯ ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳು ಆಡುವ ಕ್ಲೇ ಸಿಗುತ್ತೆ, ಅದೇ ನನ್ನ ಸಲಕರಣೆ. ಗುಂಡಿಗಳ ಮೇಲೆ ದಪ್ಪಗೆ ಮೆತ್ತಿ. ವಾಲ್ವಿಗೆ ಅಂಟದ ಹಾಗೆ ಒಂದು ಹನಿ ಎಣ್ಣೆ ಸವರಿ. ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿಯಿರಿ, ಟೈಮಿಂಗ್ ಬೆಲ್ಟ್ ಹಾಕಿ. ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿ ತಾಗಿದರೆ ನಿಲ್ಲಿಸಿ, ಜಗ್ಗಬೇಡಿ. ಹೆಡ್ ಎತ್ತಿ ಕ್ಲೇಯನ್ನು ಬ್ಲೇಡಿನಿಂದ ನಡುವೆ ಕತ್ತರಿಸಿ. ಕೇಕ್ ಕತ್ತರಿಸಿದ ಹಾಗೆ ಕಾಣುತ್ತೆ. ಅತಿ ತೆಳುವಾದ ಜಾಗ ಅಳೆಯಿರಿ. ಇನ್‌ಟೇಕ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಇದ್ದರೆ ನೆಮ್ಮದಿ. ಎಕ್ಸಾಸ್ಟ್ ವಾಲ್ವ್ ಜಾಸ್ತಿ ಬಿಸಿಯಾಗಿ ಉದ್ದ ಆಗುತ್ತೆ, ಅದಕ್ಕೆ ಅಲ್ಲಿ ಜಾಸ್ತಿ.

ಕಂಪ್ರೆಷನ್ ರೇಷಿಯೋ, ಅಂದರೆ ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತೆ ಅನ್ನೋದು, ಅಳೆಯೋಕೆ ಮೆಡಿಕಲ್ ಶಾಪಿನ ಸಿರಿಂಜ್ ಸಾಕು. ಹೆಡ್ಡನ್ನು ತಿರುವಿ ಮಟ್ಟವಾಗಿಟ್ಟು, ಗ್ರೀಸ್ ಸವರಿದ ಅಕ್ರಿಲಿಕ್ ತುಂಡು ಮುಚ್ಚಿ, ಸಣ್ಣ ತೂತಿನಿಂದ ನೀರು ತುಂಬಿ. ಎಷ್ಟು ಸಿಸಿ ಹಿಡಿಯಿತು ಬರೆದುಕೊಳ್ಳಿ. 74.5 ಬೋರಿಗೆ ಒಂದು ಸಿಲಿಂಡರ್ 329 ಸಿಸಿ. 10ಕ್ಕೆ 1 ಬೇಕು ಅಂದರೆ 329ನ್ನು 9ರಿಂದ ಭಾಗಿಸಿ, 36.6 ಸಿಸಿ ಬಂತು. ಹೆಡ್ಡಿನ ಗುಂಡಿ, ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ಮೇಲೆ ಉಳಿದ ಜಾಗ, ಪಿಸ್ಟನ್ ತಲೆಯ ತಗ್ಗು, ಎಲ್ಲ ಸೇರಿ ಅಷ್ಟಾಗಬೇಕು. ಪಿಸ್ಟನ್ ತಲೆ ಉಬ್ಬಿದ್ದರೆ ಅಷ್ಟು ಕಳೆಯಿರಿ.

ಕೆಳಗಡೆ ಇಣುಕಿ ನೋಡಿ

ಎಚ್ ಬೀಮ್ ರಾಡಿನ (ಅಡ್ಡ ಕತ್ತರಿಸಿದರೆ ಎಚ್ ಅಕ್ಷರದ ಹಾಗೆ ಕಾಣುವ ಗಟ್ಟಿ ರಾಡ್) ಹೆಗಲು ಕಂಪನಿ ರಾಡಿಗಿಂತ ಅಗಲ. ಬೋಲ್ಟಿನ ತಲೆಯೂ ದಪ್ಪ. ಬ್ಲಾಕನ್ನು ತಲೆಕೆಳಗೆ ಮಾಡಿ ಕ್ರ್ಯಾಂಕ್ ತಿರುಗಿಸುತ್ತಾ ಟಾರ್ಚ್ ಬಿಡಿ. ಬೋರಿನ ಕೆಳ ಅಂಚಿಗೆ, ಬ್ಲಾಕಿನ ಗೋಡೆಗೆ, ಆಯಿಲ್ ಪಂಪಿನ ಪೈಪಿಗೆ ಬೋಲ್ಟ್ ಎಷ್ಟು ಹತ್ತಿರ ಹೋಗುತ್ತೆ ನೋಡಿ. ಪಿಸ್ಟನ್ ಪೂರ್ತಿ ಕೆಳಗೆ ಬಂದಾಗ ಅದರ ಸ್ಕರ್ಟ್ ಕ್ರ್ಯಾಂಕಿನ ಕೌಂಟರ್ ವೇಟಿಗೆ (ಸಮತೂಕಕ್ಕೆ ಇರುವ ದಪ್ಪ ಭಾಗ) ತಾಗುತ್ತಾ ನೋಡಿ. ಕಡಿಮೆ ಅಂದರೆ ಒಂದೂವರೆ ಮಿ.ಮೀ. ಬೇಕು. ಈ ಜಿಪ್ಸಿಯಲ್ಲಿ ಎರಡನೇ ಸಿಲಿಂಡರ್ ಹತ್ತಿರ ಒಂದು ಜಾಗ ಸಾಲಲಿಲ್ಲ. ಬ್ಲಾಕಿನ ಅಂಚನ್ನು ಸ್ವಲ್ಪ ಅರದಿಂದ ತೆಗೆದೆ. ರಾಡನ್ನು ಮಾತ್ರ ಮುಟ್ಟಬೇಡಿ. ಅದರ ಮೇಲೆ ಒಂದು ಗೀರು ಬಿದ್ದರೂ ಬಿರುಕು ಅಲ್ಲಿಂದಲೇ ಶುರುವಾಗುತ್ತೆ.

ಬೇರಿಂಗ್ ಸಡಿಲಕ್ಕೆ ಹಳೇ ಲೆಕ್ಕ: ಕ್ರ್ಯಾಂಕ್ ಪಿನ್ನಿನ ದಪ್ಪದ ಸಾವಿರದ ಒಂದು ಭಾಗ. 42 ಮಿ.ಮೀ. ಪಿನ್ನಿಗೆ 0.04 ಸುಮಾರು. ಬೋರ್ ಗೇಜ್ ಇಲ್ಲದಿದ್ದರೆ ಪ್ಲಾಸ್ಟಿಗೇಜ್ ದಾರ ಸಾಕು. ಹಸಿರು ಬಣ್ಣದ್ದು 0.025ರಿಂದ 0.076 ತನಕ ತೋರಿಸುತ್ತೆ. ಒಣ ಬೇರಿಂಗ್ ಮೇಲೆ ಇಟ್ಟು, ಬೋಲ್ಟ್ ಬಿಗಿದು, ಬಿಚ್ಚಿ, ಚಪ್ಪಟೆ ಎಷ್ಟು ಅಗಲ ಆಯ್ತು ನೋಡುವುದು. ನಡುವೆ ಕ್ರ್ಯಾಂಕ್ ತಿರುಗಿಸಿದರೆ ಎಲ್ಲ ಹಾಳು. ಬೇರಿಂಗಿನ ಅಂಚು ಕ್ರ್ಯಾಂಕ್ ಪಿನ್ನಿನ ಮೂಲೆಯ ತಿರುವಿನ ಮೇಲೆ ಹತ್ತುತ್ತಾ ಅಂತಲೂ ನೋಡಿ. ಮಾಡಿಸಿದ ರಾಡಿನಲ್ಲಿ ಬೇರಿಂಗ್ ಒಂದು ಪಕ್ಕಕ್ಕೆ ಕೂತಿದ್ದರೆ ಹೀಗಾಗುತ್ತೆ. ಅಂಚಿನಲ್ಲಿ ಹೊಳೆಯುವ ಗೆರೆ ಬಿದ್ದರೆ ಅದೇ ಸುಳಿವು.

ಬೋಲ್ಟ್

ರಾಡ್ ಬೋಲ್ಟನ್ನು ಸ್ಪ್ರಿಂಗ್ ಅಂದುಕೊಳ್ಳಿ. ಬಿಗಿದಾಗ ಕೂದಲೆಳೆಯಷ್ಟು ಉದ್ದ ಆಗಬೇಕು. ಆ ಎಳೆತವೇ ಕ್ಯಾಪನ್ನು, ಅಂದರೆ ರಾಡಿನ ದೊಡ್ಡ ತುದಿಯ ಬಿಚ್ಚುವ ಅರ್ಧವನ್ನು, ಹಿಡಿದಿಡುವುದು. ಟಾರ್ಕ್ ರೆಂಚ್ ಎಳೆತವನ್ನು ನೇರ ತೋರಿಸಲ್ಲ. ಬೋಲ್ಟಿನ ಥ್ರೆಡ್ಡಿಗೆ ಏನು ಸವರಿದ್ದೀರಿ ಅನ್ನುವುದರ ಮೇಲೆ ಅದು ಬದಲಾಗುತ್ತೆ. ಇಂಜಿನ್ ಆಯಿಲ್ ಸವರಿದರೆ ಒಂದು, ಬೋಲ್ಟಿನವರು ಕೊಟ್ಟ ಗ್ರೀಸ್ ಸವರಿದರೆ ಇನ್ನೊಂದು. ಅದಕ್ಕೆ ಎಂಟೂ ಬೋಲ್ಟಿನ ಉದ್ದವನ್ನು ಬಿಗಿಯುವ ಮೊದಲು ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ರಾಡಿನ ಜೊತೆ ಬರುವ ಕಾರ್ಡಿನಲ್ಲಿ ಹೇಳಿದ ಗ್ರೀಸನ್ನೇ ಥ್ರೆಡ್ಡಿಗೂ ತಲೆಯ ಕೆಳಗೂ ಸವರಿ, ಬಿಗಿಯುತ್ತಾ ಮತ್ತೆ ಅಳೆಯುತ್ತೇನೆ. ಎಷ್ಟು ಉದ್ದ ಆಗಬೇಕು ಅಂತ ಕಾರ್ಡಿನಲ್ಲಿ ಇರುತ್ತೆ. ಮಿ.ಮೀ.ನ ಹತ್ತರಲ್ಲೊಂದು ಭಾಗದ ಆಸುಪಾಸಿನ ಲೆಕ್ಕ ಅದು. ಲಾಕ್‌ಟೈಟ್ ಗೀಕ್‌ಟೈಟ್ ಏನೂ ಬೇಡ.

ಮುಂದೆ ಯಾವಾಗಾದರೂ ಬಿಚ್ಚಿದಾಗ ಅದೇ ಪುಟ ತೆಗೆಯಿರಿ. ಸಡಿಲ ಮಾಡಿದ ಬೋಲ್ಟ್ ಹಳೇ ಉದ್ದಕ್ಕೆ ವಾಪಸ್ ಬರಬೇಕು. 0.025 ಮಿ.ಮೀ. ಉದ್ದವಾಗಿಯೇ ಉಳಿದಿದ್ದರೆ ಅದರ ಆಯಸ್ಸು ಮುಗಿಯಿತು, ಬಿಸಾಕಿ. ಯಾವ ಕ್ಯಾಪ್ ಯಾವ ರಾಡಿನದೋ ಅದಕ್ಕೇ. ನಂಬರ್ ಹೊಡೆದಿರುತ್ತಾರೆ, ಅದಲುಬದಲು ಮಾಡಬೇಡಿ.

ತೊಳೆಯುವುದು, ಜೋಡಿಸುವುದು

ಹೋನಿಂಗ್ ಆದ ಬೋರಿನ ಗೀರುಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತೆ. ಪೆಟ್ರೋಲಿಗೆ, ಡೀಸೆಲ್ಲಿಗೆ ಅದು ಹೋಗಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ನಮ್ಮ ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆ ಉರಿ ಹಾಕಿದರೆ ಇಡೀ ದಿನ ಕುದಿಯುವ ನೀರು ಇರುತ್ತೆ. ಬ್ಲಾಕನ್ನು ಹಿತ್ತಲ ಕಲ್ಲಿನ ಮೇಲಿಟ್ಟು ಬಟ್ಟೆ ಒಗೆದ ಹಾಗೆ ತಿಕ್ಕುತ್ತೇನೆ. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಬರಬೇಕು. ಬೂದು ಬಣ್ಣ ಬಂದರೆ ಮತ್ತೆ ತಿಕ್ಕಿ.

ಮಲೆನಾಡಿನವರಿಗೆ ಬೇರೆ ಒಂದು ಎಚ್ಚರಿಕೆ. ಜುಲೈ ತಿಂಗಳಲ್ಲಿ ತೊಳೆದ ಬೋರು ಒಣಗುವ ಮೊದಲೇ ತುಕ್ಕು ಹಿಡಿಯೋಕೆ ಶುರು ಮಾಡುತ್ತೆ. ಸುಳ್ಳಲ್ಲ. ಒಂದು ಸಲ ಕಾಫಿ ಕುಡಿದು ಬರೋಷ್ಟರಲ್ಲಿ ಬೆಳ್ಳಗಿದ್ದ ಬೋರು ಕೇಸರಿ ಬಣ್ಣಕ್ಕೆ ತಿರುಗಿತ್ತು. ನೀರು ಊದಿ ಒಣಗಿಸಿದ ತಕ್ಷಣ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟಿ.

ರಿಂಗ್ ಗ್ಯಾಪ್, ಅಂದರೆ ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು, ಹಾಗೇ ಬಿಡಬೇಡಿ. ಹೊರಗಿನ ಪಿಸ್ಟನ್ ಜೊತೆ ಬರುವ ರಿಂಗುಗಳನ್ನು ಎಷ್ಟೋ ಸಲ ಬೇಕೆಂದೇ ಬಿಗಿಯಾಗಿ ಕೊಡುತ್ತಾರೆ, ನಾವು ಅರದಿಂದ ಹೊಂದಿಸಲಿ ಅಂತ. ರಿಂಗನ್ನು ಬೋರಿನೊಳಗಿಟ್ಟು, ತಲೆಕೆಳಗು ಮಾಡಿದ ಪಿಸ್ಟನ್ನಿನಿಂದ ನೇರವಾಗಿ ಒಳಗೆ ತಳ್ಳಿ ಫೀಲರ್ ಗೇಜ್ ಹಾಕಿ. ಟರ್ಬೊ ಇಲ್ಲದ ಇಂಜಿನ್ನಿಗೆ ಬೋರಿನ ಪ್ರತಿ ಮಿ.ಮೀ.ಗೆ 0.004 ಲೆಕ್ಕ ಹಿಡಿದರೆ 74.5ಕ್ಕೆ 0.30 ಬರುತ್ತೆ. ಎರಡನೇ ರಿಂಗಿಗೆ ಸ್ವಲ್ಪ ಜಾಸ್ತಿ ಬಿಡಿ. ಅರ ಹೊರ ಮುಖದಿಂದ ಒಳಕ್ಕೆ ಓಡಲಿ. ಉಲ್ಟಾ ಎಳೆದರೆ ಮೇಲಿನ ಲೇಪ ಚಕ್ಕೆ ಏಳುತ್ತೆ. ಗ್ಯಾಪ್ ಜಾಸ್ತಿ ಆದರೆ ಸ್ವಲ್ಪ ಎಣ್ಣೆ ತಿನ್ನುತ್ತೆ, ಅಷ್ಟೇ. ಕಡಿಮೆ ಆದರೆ ಬಿಸಿಗೆ ತುದಿ ತುದಿ ತಾಗಿ ಪಿಸ್ಟನ್ನಿನ ಅಂಚನ್ನೇ ಕಿತ್ತು ತರುತ್ತೆ.

ಲಾಕ್‌ಗಳನ್ನು ಒಂದು ಸಲ ತೆಗೆದರೆ ಮತ್ತೆ ಹಾಕಬೇಡಿ. ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಪಿಸ್ಟನ್ ತಲೆಯ ಬಾಣ ಟೈಮಿಂಗ್ ಬೆಲ್ಟಿನ ಕಡೆಗೆ. ರಾಡ್ ಒಳಗಿಳಿಸುವಾಗ ಕೆಳಗಿನಿಂದ ಒಂದು ಕೈ ಹಿಡಿದಿರಲಿ, ಚೂಪು ಮೂಲೆ ಕ್ರ್ಯಾಂಕ್ ಪಿನ್ನಿಗೆ ಬಡಿಯದ ಹಾಗೆ. ಒಂದೊಂದು ಪಿಸ್ಟನ್ ಕೂರಿಸಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ. ಬಿಗಿ ಸ್ವಲ್ಪ ಸ್ವಲ್ಪವೇ ಏರಬೇಕು. ಒಮ್ಮೆಗೇ ಏರಿದರೆ ಆಗಷ್ಟೇ ಹಾಕಿದ್ದರಲ್ಲಿ ತಪ್ಪಿದೆ. ಅಲ್ಲೇ ಬಿಚ್ಚಿ.

ಓಡಿಸಿ ಕೂರಿಸುವುದು

ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ತಪ್ಪಿಸಿ, ಆಯಿಲ್ ಪ್ರೆಷರ್ ಬರುವ ತನಕ ಸ್ಟಾರ್ಟರ್ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ, ನೀರು ನೋಡಿ, ರಸ್ತೆಗೆ ಇಳಿಸಿ. ಮನೆ ಮುಂದೆ ಒಂದು ಗಂಟೆ ಐಡಲ್‌ನಲ್ಲಿ ನಿಲ್ಲಿಸುವುದು ಹಳೇ ಕಾಲದ ನಂಬಿಕೆ. ಹಾಗೆ ಮಾಡಿದರೆ ರಿಂಗ್ ಕೂರಲ್ಲ, ಬೋರು ನುಣ್ಣಗಾಗುತ್ತೆ. ರಿಂಗ್ ಕೂರೋಕೆ ಅದರ ಹಿಂದೆ ಒತ್ತಡ ಬೇಕು. ಸಾದಾ ಮಿನರಲ್ ಆಯಿಲ್ ಹಾಕಿ, ಸಿಂಥೆಟಿಕ್ ಆಮೇಲೆ.

ನಾನು ತೀರ್ಥಹಳ್ಳಿ ರಸ್ತೆ ಹಿಡಿಯುತ್ತೇನೆ. ಗಾಜನೂರು ದಾಟಿ, ಸಕ್ರೆಬೈಲು ಆನೆ ಬಿಡಾರ ದಾಟಿದ ಮೇಲೆ ಮೂರನೇ ಗೇರ್. 2500ರಿಂದ 4000 ತನಕ ಅರ್ಧ ಆಕ್ಸಿಲರೇಟರ್, ಆಮೇಲೆ ಪೂರ್ತಿ ಬಿಟ್ಟು ಗೇರಿನಲ್ಲೇ ನಿಧಾನ ಆಗೋಕೆ ಬಿಡುವುದು. ಬಿಟ್ಟಾಗ ಸಿಲಿಂಡರಿನಲ್ಲಿ ಎಳೆತ ಹುಟ್ಟಿ ಎಣ್ಣೆ ಮೇಲೆ ಬಂದು ರಿಂಗ್ ತೊಳೆಯುತ್ತೆ. ಮಂಡಗದ್ದೆ ಬರುವಷ್ಟರಲ್ಲಿ ಇಪ್ಪತ್ತು ಸಲ ಆಗಿರುತ್ತೆ. ಅಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ಒಂದು ಸುತ್ತು ನೋಡಿ, ವಾಪಸ್.

ಶೆಡ್ಡಿಗೆ ಬಂದ ತಕ್ಷಣ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಬಿಚ್ಚಿ. ಕಾಗದದ ಮಡಿಕೆಗಳ ಮೇಲೆ ಹಳೇ ಸ್ಪೀಕರಿನ ಅಯಸ್ಕಾಂತ ಆಡಿಸಿ. ಅಂಟಿದರೆ ಕಬ್ಬಿಣ. ರಿಂಗಿನದೋ ಬೋರಿನದೋ, ಮೊದಲ ಸಲ ಸ್ವಲ್ಪ ನುಣ್ಣನೆ ಪುಡಿ ಇರುವುದೇ. ಅಂಟದೆ ಬೆಳ್ಳಗೆ ಮಿನುಗಿದರೆ ಅಲ್ಯೂಮಿನಿಯಂ, ಪಿಸ್ಟನ್ ಉಜ್ಜುತ್ತಿದೆ. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಬಿಚ್ಚಿ ನೋಡಿ.

ಹುಡುಗ ಗಾಡಿ ಒಯ್ದ ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್. ಇಂಜಿನ್ ಹತ್ತಿರ ಫೋನ್ ಹಿಡಿದು, "ಅಣ್ಣ ಕೇಳು, ಟಕಟಕ ಅಂತಿದೆ, ಹೋಯ್ತು" ಅಂತಾನೆ. 2618 ಪಿಸ್ಟನ್, ಚಳಿ ಹೊತ್ತು, ಸಡಿಲ ಜಾಸ್ತಿ. ಒಳಗೆ ಹೋಗಿ ಕಾಫಿ ಕುಡಿದು ಬಾ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿದ, ಸದ್ದಿಲ್ಲ. ಬಿಸಿಯಾದ ಮೇಲೂ ಸದ್ದು ಉಳಿದರೆ, ಅಥವಾ ಕೆಳಗಿನಿಂದ ದಪ್ಪ ಸದ್ದು ಬಂದರೆ, ಆಗ ಮಾತ್ರ ಆಫ್ ಮಾಡಿ ಗಾಡಿ ಎತ್ತಿಸಿಕೊಂಡು ಬನ್ನಿ.

ಇನ್ನೊಂದು ಮರೆತಿದ್ದೆ. ಗಟ್ಟಿ ರಾಡ್ ಹಾಕಿದ್ದೀವಿ ಅಂತ ಇಂಜಿನ್ನಿಗೆ ನೀರು ಕುಡಿಯೋಕೆ ಬರಲ್ಲ. ಮತ್ತೆ ಕುಡಿದರೆ ರಾಡ್ ಬದಲು ಬೇರೆ ಏನೋ ಒಡೆಯುತ್ತೆ, ಅದು ಇನ್ನೂ ದುಬಾರಿ. ಗಾಳಿ ಎಳೆಯುವ ಪೈಪನ್ನು ರೂಫ್ ತನಕ ಎತ್ತರಿಸಿ ಸ್ನಾರ್ಕಲ್ ಹಾಕಿಸದೆ ಕೀ ಕೊಡಲ್ಲ ಅಂದಿದ್ದೆ. ಗೊಣಗುತ್ತಲೇ ಹಾಕಿಸಿಕೊಂಡು ಹೋದ.